ಎಳೆದು ನೋಡದ ಗಂಟು

ಮಂಗಳೂರು
ಜೂನ್ 2, 2025

ಮಗಳು ಝಹ್ರಾಳಿಗೆ ಸಲಾಂ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ನಿನ್ನ ಉಮ್ಮ ಜಗಳಕ್ಕೆ ಬರುತ್ತಾಳೆ. ಅವಳ ಮೊಣಕಾಲೊಂದನ್ನು ಬಿಟ್ಟು ಉಳಿದದ್ದೆಲ್ಲ ಕ್ಷೇಮ. ನನ್ನ ಕಿವಿ ಹೇಗಿತ್ತೋ ಹಾಗೇ ಉಂಟು. ಹಿಂದೆ ಬೋಟಿನ ಇಂಜಿನ್ ಪಕ್ಕ ದುಡಿದ ಹದಿನಾಲ್ಕು ವರ್ಷ ಅದನ್ನು ತಿಂದು ಮುಗಿಸಿದೆ. ಫೋನಿನಲ್ಲಿ ನೀನು ಹೇಳಿದ್ದನ್ನು ನಿನ್ನ ಉಮ್ಮ ನನ್ನ ಕಿವಿಯ ಬಳಿ ಕೂಗಿ ಹೇಳುವಾಗ ನಾಲ್ಕು ಮಾತು ನಿನ್ನದು, ಆರು ಮಾತು ಅವಳದು. ನನಗೆ ಕಾಗದವೇ ಸರಿ. ಮನೆಯಲ್ಲಿ ಬ್ಯಾರಿ ಮಾತಾಡಿದರೂ ಬರೆಯಲು ಕೂತರೆ ಕೈಗೆ ಬರುವುದು ಏಳನೇ ಕ್ಲಾಸಿನ ಕನ್ನಡ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ನಿನ್ನೆಯಿಂದ ಸಮುದ್ರಕ್ಕೆ ರಜೆ. ಎರಡು ತಿಂಗಳು ಟ್ರಾಲ್ ಬೋಟುಗಳು ಬಂದರಿನ ಧಕ್ಕೆ ಬಿಟ್ಟು ಕದಲುವ ಹಾಗಿಲ್ಲ. ಮೊದಲಾದರೆ ಈ ಎರಡು ತಿಂಗಳು ಹರಿದ ಬಲೆಗಳ ರಾಶಿಯಿಂದ ನಮ್ಮ ಅಂಗಡಿಯ ಮಾಳಿಗೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈ ವರ್ಷ ಬಂದದ್ದು ಮೂರು ಬೋಟಿನ ಬಲೆ. ಈಗ ರಿಪೇರಿ ಯಾರಿಗೂ ಬೇಡ, ಹರಿದದ್ದನ್ನು ಬಿಸಾಡಿ ಫ್ಯಾಕ್ಟರಿಯ ಹೊಸ ಬಲೆ ತರುತ್ತಾರೆ. ಈ ರಜೆ ಮುಗಿದ ಮೇಲೆ ಅಂಗಡಿಗೆ ಬಾಗಿಲು ಹಾಕುತ್ತೇನೆಂದು ರಂಝಾನ್ ಹಬ್ಬಕ್ಕೆ ನೀನು ಬಂದಾಗಲೇ ಹೇಳಿದ್ದೆನಲ್ಲ. ಕುಶಲಾಳಿಗೂ ಉಳಿದ ಐದು ಹೆಂಗಸರಿಗೂ ಹೇಳಿಯಾಗಿತ್ತು. ಇಪ್ಪತ್ತಾರು ವರ್ಷ ನಮ್ಮ ಮಾಳಿಗೆಯಲ್ಲಿ ಕೂತು ಬಲೆ ಕಟ್ಟಿದ ಕುಶಲಾ "ಆಯ್ತು ದಣಿಗಳೇ" ಎಂದಳು, ಅಷ್ಟೆ. ಆಮೇಲೆ ಎರಡು ದಿನ ಬುತ್ತಿ ಬಿಚ್ಚಲಿಲ್ಲ.

ಈಗ ಕೇಳು. ಮೊನ್ನೆ ಸುರತ್ಕಲ್‌ನಿಂದ ಹಿತೇಶ್ ಎಂಬವರು ಬಂದಿದ್ದರು. ಅಲ್ಲೇ ಇಂಜಿನಿಯರಿಂಗ್ ಓದಿ ಸ್ವಂತ ಕಂಪೆನಿ ಮಾಡಿದ್ದಾರೆ. ಎಣ್ಣೆ ಟ್ಯಾಂಕ್, ಕರೆಂಟಿನ ಟ್ರಾನ್ಸ್‌ಫಾರ್ಮರ್ ಇಂಥದ್ದರ ಮೇಲೆ ಶತ್ರುಗಳ ಡ್ರೋನ್ ಬಂದು ಬೀಳದ ಹಾಗೆ ಬಲೆಯ ಚಪ್ಪರ ಹಾಕುವುದು ಅವರ ಕೆಲಸವಂತೆ. ಅದಕ್ಕೆ ಮೀನಿನ ಬಲೆ ಬೇಕಂತೆ. ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಆಗ ಬ್ಯಾಗಿನಿಂದ ಒಂದು ದಪ್ಪ ವರದಿ ತೆಗೆದು ನಲವತ್ತೇಳನೇ ಪುಟ ತೋರಿಸಿದರು. ಡ್ರೋನ್ ತಡೆಯುವ ಬಲೆಗಳ ಬೇಡಿಕೆ ವರ್ಷಕ್ಕೆ ನೂರಕ್ಕೆ ಇಪ್ಪತ್ತೇಳರ ಹಾಗೆ ಏರುತ್ತದೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಬರೆದವರ ಹೆಸರು. ಇಂಗ್ಲಿಷ್ ನನಗೆ ಅಷ್ಟು ಬಾರದಿದ್ದರೂ ನನ್ನ ಮಗಳ ಹೆಸರು ಓದಲು ಬರುತ್ತದೆ.

ಮೂರು ವರ್ಷದಿಂದ ನೀನು ಪುಣೆಯಲ್ಲಿ ಎಂತ ಕೆಲಸ ಮಾಡುತ್ತೀ ಎಂದು ಕೇಳಿದವರಿಗೆ "ಯಾವುದೋ ಮಾರ್ಕೆಟ್" ಎನ್ನುತ್ತಿದ್ದೆ. ತರಕಾರಿಯದ್ದಾ ಎಂದು ಒಬ್ಬರು ಕೇಳಿದ್ದರು. ಈಗ ಆ ಪುಟದ ಜೆರಾಕ್ಸ್ ಮಾಡಿಸಿ, ಗಾಜಿನ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗಿಸಿದ್ದೇನೆ.

ಬಾಗಿಲು ಹಾಕುವ ಮಾತು ಬಿಟ್ಟೆ. ಕೊಚ್ಚಿಯಲ್ಲಿ ಬಲೆ ನೇಯುವ ಹಳೆಯ ಯಂತ್ರವೊಂದು ಮಾರಾಟಕ್ಕುಂಟು. ಅದು ಬಂದರೆ ನೇಯ್ಗೆ ಯಂತ್ರದ್ದು, ಅಂಚು ಕಟ್ಟುವ ಕೆಲಸ ನಮ್ಮ ಹೆಂಗಸರದ್ದು. ಜೆಪ್ಪುವಿನ ನಮ್ಮ ಮನೆಯ ಹಿಂದಿನ ಜಾಗವನ್ನು ನಂತೂರಿನ ಟೈಲ್ಸ್ ವ್ಯಾಪಾರಿ ಮೂರು ವರ್ಷದಿಂದ ಕೇಳುತ್ತಿದ್ದಾರೆ. ಜುಲೈ ಕೊನೆಗೆ ಕೊಟ್ಟುಬಿಡುವ ಯೋಚನೆ ಉಂಟು. ಅಲ್ಲಿರುವ ಜೀಗುಜ್ಜೆ ಮರದ ವಿಷಯಕ್ಕೆ ನಿನ್ನ ಉಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕಿವಿ ಕೇಳದವನ ಜೊತೆ ಮಾತು ಬಿಟ್ಟು ಏನು ಪ್ರಯೋಜನ ಎಂದು ಅವಳಿಗೆ ಇನ್ನೂ ಹೊಳೆದಿಲ್ಲ.

ನಿನ್ನ ಬಾಪ
ಮೊಯ್ದೀನಬ್ಬ

•

ಪುಣೆ
ಜೂನ್ 10, 2025

ಪ್ರೀತಿಯ ಬಾಪನಿಗೆ ಸಲಾಂ.

ಬಕ್ರೀದಿಗೆ ಬರಲಾಗಲಿಲ್ಲ, ಬೇಸರ ಮಾಡಬೇಡಿ. ಇಲ್ಲಿ ರೂಮಿನ ಗೆಳತಿ ಶಬ್ನಮ್ ಬಿರಿಯಾನಿ ಮಾಡಿದಳು. ಚೆನ್ನಾಗಿದೆ ಎಂದು ಹೇಳಿ ಎರಡು ಸಲ ಬಡಿಸಿಕೊಂಡೆ. ಉಮ್ಮನದ್ದರ ಹಾಗೆ ಇರಲಿಲ್ಲ.

ನಿಮ್ಮ ಕಾಗದವನ್ನು ಆಫೀಸಿನ ಮೆಟ್ಟಿಲ ಮೇಲೆ ಕೂತು ಓದಿದೆ. ಹಿತೇಶ್ ಹೇಳಿದ್ದು ತಮಾಷೆಯಲ್ಲ. ಯುರೋಪಿನ ಯುದ್ಧದಲ್ಲಿ ಮೈಲುಗಟ್ಟಲೆ ರಸ್ತೆಯ ಮೇಲೆ ಮೀನಿನ ಬಲೆ ಕಟ್ಟಿದ್ದಾರೆ. ಅಲ್ಲಿನ ಮೀನುಗಾರರು ಹಳೆಯ ಬಲೆಗಳನ್ನು ಲಾರಿಯಲ್ಲಿ ತುಂಬಿ ಕಳಿಸುತ್ತಿದ್ದಾರೆ. ಅಗ್ಗದ ಡ್ರೋನ್ ಒಂದನ್ನು ಹೊಡೆಯಲು ಅದರ ನೂರು ಪಟ್ಟು ಬೆಲೆಯ ಕ್ಷಿಪಣಿ ಹಾರಿಸುವುದು ಯಾವ ದೇಶಕ್ಕೂ ಪೂರೈಸುವುದಿಲ್ಲ. ಆದ್ದರಿಂದ ದೊಡ್ಡ ದೊಡ್ಡ ಸೈನ್ಯಗಳೂ ಈಗ ಅಗ್ಗದ ತಡೆ ಹುಡುಕುತ್ತಿವೆ. ನಮ್ಮಲ್ಲೂ ಕಳೆದ ತಿಂಗಳಿನ ಗಡಿ ಗಲಾಟೆಯ ನಂತರ ಆಫೀಸಿನ ಫೋನುಗಳಿಗೆ ಬಿಡುವಿಲ್ಲ. ಎಲ್ಲರಿಗೂ ಇದೇ ವರದಿ ಬೇಕು.

ಆದರೆ ಬಾಪ, ಈ ವ್ಯಾಪಾರ ಧಕ್ಕೆಯ ಹರಾಜಿನ ಹಾಗೆ ಅಲ್ಲ. ಅಲ್ಲಿ ಬೆಳಿಗ್ಗೆ ಕೂಗಿದರೆ ಮಧ್ಯಾಹ್ನಕ್ಕೆ ಮೀನು ಖಾಲಿ. ಇಲ್ಲಿ ಮೊದಲು ಸ್ಯಾಂಪಲ್, ಆಮೇಲೆ ಪರೀಕ್ಷೆ, ಆಮೇಲೆ ಟೆಂಡರ್, ಎರಡು ವರ್ಷ ಹಾಗೇ ಹೋಗುತ್ತದೆ. ಯಂತ್ರಕ್ಕೆ ಅವಸರ ಮಾಡಬೇಡಿ. ಜಾಗದ ವಿಷಯವನ್ನೂ ಸ್ವಲ್ಪ ಮುಂದಕ್ಕೆ ಹಾಕಿ.

ಆ ಪುಟವನ್ನು ಗೋಡೆಯಿಂದ ತೆಗೆದರೆ ಒಳ್ಳೆಯದು. ಅದೆಲ್ಲ ದೊಡ್ಡ ವಿಷಯವಲ್ಲ.

ನಿಮ್ಮ
ಝಹ್ರಾ

•

ಮಂಗಳೂರು
ಜೂನ್ 21, 2025

ಮಗಳೇ,

ನಿನ್ನ ಕಾಗದ ತಲುಪಿತು. ಗೋಡೆಯಿಂದ ತೆಗೆಯುವುದಿಲ್ಲ. ನಿನಗೆ ದೊಡ್ಡ ವಿಷಯ ಅಲ್ಲದಿದ್ದರೆ ಬೇಡ, ನನಗೆ ಹೌದು.

ಹಿತೇಶರಿಗೆ ಸ್ಯಾಂಪಲ್ ಮಾಡಿದೆವು. ಆ ಕಥೆ ಬರೆಯಲೇಬೇಕು. ಅವರು ನಕ್ಷೆ ಕೊಟ್ಟಿದ್ದರು, ಬಲೆಯನ್ನು ಚೌಕಟ್ಟಿಗೆ ಬಿಗಿಯಾಗಿ ಕಟ್ಟಬೇಕು ಎಂದು. ಕುಶಲಾ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಬದಿಗಿಟ್ಟು, ಬಂಗುಡೆ ಬಲೆಗೆ ಬಿಡುವಷ್ಟೇ ಸಡಿಲ ಬಿಟ್ಟು ಅಂಚು ಕಟ್ಟಿದಳು. ಸಾಲದ್ದಕ್ಕೆ ಅಭ್ಯಾಸ ಬಲದಿಂದ ಮೇಲಿನ ಹಗ್ಗದ ಉದ್ದಕ್ಕೂ ತೇಲುವ ಬೆಂಡುಗಳನ್ನೂ ಪೋಣಿಸಿಬಿಟ್ಟಳು. ಟೆಂಪೋದಲ್ಲಿ ಬಲೆ ಹಾಕಿಕೊಂಡು ನಂತೂರಿನ ಟ್ರಾಫಿಕ್ ಬ್ಲಾಕಿನಲ್ಲಿ ಮುಕ್ಕಾಲು ಗಂಟೆ ನಿಂತು ಸುರತ್ಕಲ್ ಮುಟ್ಟಿದರೆ ಹಿತೇಶ್ ನಮ್ಮನ್ನೂ ಬೆಂಡುಗಳನ್ನೂ ನೋಡುತ್ತಾ ನಿಂತರು. "ಆಕಾಶದಲ್ಲಿ ಇದು ಎಂತಕ್ಕೆ ಅಕ್ಕ?" ಎಂದು ಕೇಳಿದರು. ಕುಶಲಾ ನಾಚಿಕೊಂಡು ಅಲ್ಲೇ ಕೂತು ಒಂದೊಂದೇ ಬಿಚ್ಚಿದಳು. ಸಡಿಲವನ್ನು ಮಾತ್ರ ಬದಲಿಸಲು ಒಪ್ಪಲಿಲ್ಲ. ಬಿಗಿದ ಬಲೆಗೆ ಯಾವ ಮೀನೂ ಸಿಕ್ಕುವುದಿಲ್ಲ ಎನ್ನುವುದು ಅವಳ ವಾದ. ಪರೀಕ್ಷೆ ಮಾಡಿ ನೋಡುವ ಎಂದು ಹಿತೇಶ್ ಇಟ್ಟುಕೊಂಡಿದ್ದಾರೆ.

ಅವರಿಗೆ ನಮ್ಮ ಕೆಂಪು ನೂಲಿನ ಪದ್ಧತಿ ಹೇಳಿದೆ. ನಮ್ಮಲ್ಲಿ ಯಾರೂ ತಾನು ಕಟ್ಟಿದ ಬಲೆಯನ್ನು ತಾನೇ ಎಳೆದು ನೋಡುವ ಹಾಗಿಲ್ಲ, ಪಕ್ಕದವಳು ನೋಡಬೇಕು. ಎಳೆದಾಗ ಗಂಟು ಜಾರಿದರೆ ಅವಳು ಬೈಯುವುದಿಲ್ಲ, ಹೆಸರು ಹೇಳುವುದಿಲ್ಲ, ಅಲ್ಲಿ ಒಂದು ಕೆಂಪು ನೂಲು ಕಟ್ಟಿ ಎದ್ದು ಹೋಗುತ್ತಾಳೆ. ಕಟ್ಟಿದವಳೇ ಬಂದು ಗಂಟು ಬಿಚ್ಚಿ, ಹೊಸದಾಗಿ ಹಾಕಿ, ನೂಲನ್ನು ಹಿಂದಕ್ಕೆ ಕೊಡಬೇಕು. ಹಿತೇಶ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ತಮ್ಮ ಕಂಪೆನಿಯಲ್ಲಿ ಇದನ್ನೇ ಏನೋ ಇಂಗ್ಲಿಷ್ ಹೆಸರಿನಲ್ಲಿ ಮಾಡುತ್ತಾರಂತೆ.

ನೀನೂ ಎಂಟು ವರ್ಷದವಳಿದ್ದಾಗ ಕುಶಲಾಳ ಪಕ್ಕ ಕೂತು ಒಂದು ತೇಪೆ ಹಾಕಿದ್ದಿ, ನೆನಪುಂಟಾ?

ಕೊಚ್ಚಿಯವರು ಯಂತ್ರವನ್ನು ಜುಲೈ ಮೂವತ್ತರ ತನಕ ಕಾದಿರಿಸುತ್ತಾರೆ. ಜಾಗ ನೋಡಲು ನಂತೂರಿನವರು ಅದೇ ತಿಂಗಳ ಇಪ್ಪತ್ತೈದಕ್ಕೆ ಬರುತ್ತಾರೆ.

ಬಾಪ

•

ಪುಣೆ
ಜುಲೈ 1, 2025

ಪ್ರೀತಿಯ ಬಾಪ,

ಬೆಂಡಿನ ಕಥೆ ಓದಿ ನಾನೂ ಶಬ್ನಮ್ಮೂ ಬಹಳ ನಕ್ಕೆವು. ಕುಶಲಕ್ಕನಿಗೆ ನನ್ನ ನೆನಪು ಹೇಳಿ.

ಯಂತ್ರದ ವಿಷಯ. ದಯವಿಟ್ಟು ಕೇಳಿ. ಈ ಉದ್ಯಮದಲ್ಲಿ ಇವತ್ತು ಬೇಕಾದದ್ದು ಆರು ತಿಂಗಳಿಗೆ ಬೇಡವಾಗುತ್ತದೆ. ಬಲೆ ಬಂದಿತೆಂದು ಬಲೆ ಸುಡುವ ಡ್ರೋನ್ ಬರುತ್ತದೆ, ಅದಕ್ಕೆ ಇನ್ನೊಂದು ತಡೆ. ಹೆದರಿಕೆ ಇರುವಾಗ ಎಲ್ಲರೂ ವಿಚಾರಿಸುತ್ತಾರೆ, ವಿಚಾರಿಸಿದವರೆಲ್ಲ ಕೊಳ್ಳುವುದಿಲ್ಲ. ಸರಕಾರ ದೇಶದೊಳಗೇ ಕೊಳ್ಳಬೇಕು ಎನ್ನುತ್ತಿರುವುದರಿಂದ ಹಿತೇಶರಂಥ ಸಣ್ಣ ಕಂಪೆನಿಗಳು ತುಂಬ ಹುಟ್ಟಿವೆ, ಅದು ಒಳ್ಳೆಯದೇ. ಆದರೆ ಅವುಗಳಲ್ಲಿ ಎಷ್ಟು ಉಳಿಯುತ್ತವೆ ಎಂದು ಯಾರಿಗೂ ಗೊತ್ತಿಲ್ಲ.

ಜಾಗ ಕೊಡಬೇಡಿ. ಉಮ್ಮನ ಜೀಗುಜ್ಜೆ ಮರ ಅದು. ಎಣ್ಣೆಯಲ್ಲಿ ಕರಿದ ಅದರ ಪೋಡಿ ತಿನ್ನಲಿಕ್ಕಾದರೂ ನಾನು ವರ್ಷಕ್ಕೊಮ್ಮೆ ಬರಬೇಕಲ್ಲ.

ತೇಪೆ ಹಾಕಿದ್ದು ನೆನಪುಂಟು.

ನಿಮ್ಮ
ಝಹ್ರಾ

•

ಮಂಗಳೂರು
ಜುಲೈ 8, 2025

ಮಗಳೇ,

ಇವತ್ತು ಸಂತೋಷದ ಸುದ್ದಿ. ಹಿತೇಶ್ ಎರಡು ಬಲೆ ಕಟ್ಟಿ ಡ್ರೋನ್ ಬಿಟ್ಟು ನೋಡಿದರಂತೆ. ನಕ್ಷೆಯ ಹಾಗೆ ಬಿಗಿದ ಬಲೆಯನ್ನು ಡ್ರೋನ್ ತನ್ನ ರೆಕ್ಕೆಯಿಂದ ಕತ್ತರಿಸಿ ಒಳಗೆ ನುಗ್ಗಿತು. ಕುಶಲಾಳ ಸಡಿಲ ಬಲೆಯಲ್ಲಿ ಸುತ್ತಿಕೊಂಡು, ಸುತ್ತಿಕೊಂಡು, ನೇತಾಡಿತು. ಅದರ ವೀಡಿಯೊವನ್ನು ಅವಳು ಎಲ್ಲರಿಗೂ ತೋರಿಸುತ್ತಿದ್ದಾಳೆ. "ದಣಿಗಳೇ, ನಾನು ಹಿಡಿದ ಮೊದಲ ವಿಮಾನ" ಎಂದಳು. ಆರು ಬಲೆಗಳಿಗೆ ಆರ್ಡರ್ ಕೊಟ್ಟಿದ್ದಾರೆ, ಎಲ್ಲ ಕೈಯಲ್ಲೇ ಕಟ್ಟುವಂಥದ್ದು. ದೊಡ್ಡದು ಮುಂದೆ ಬರುತ್ತದೆ ಎನ್ನುತ್ತಾರೆ. ಬರುತ್ತದೆಯೆಂದು ನಿನ್ನ ಪುಟವೂ ಹೇಳುತ್ತದಲ್ಲ.

ನಿನ್ನೆ ಊಟದ ಹೊತ್ತಿನಲ್ಲಿ ಕುಶಲಾ ಗೋಡೆಯ ಕಟ್ಟನ್ನು ನೋಡುತ್ತಾ ಕೂತಿದ್ದಳು. ಈ ಇಪ್ಪತ್ತೇಳು ಎಂದರೆ ಎಂತ ಎಂದು ಕೇಳಿದಳು, ನನಗೆ ತಿಳಿದಷ್ಟು ಹೇಳಿದೆ. ಆಮೇಲೆ ಅವಳು ಇನ್ನೊಂದು ಮಾತು ಕೇಳಿದಳು. ನಿನಗೇ ಬರೆಯುತ್ತೇನೆ.

"ಇದು ನಮ್ಮ ಝಹ್ರಾ ಕಟ್ಟಿದ ಗಂಟಲ್ವಾ? ಇದನ್ನು ಎಳೆದು ನೋಡಿದ್ದು ಯಾರು?"

ಬಾಪ

•

ಪುಣೆ
ಜುಲೈ 14, 2025

ಬಾಪ,

ಉಮ್ಮನ ಮೊಣಕಾಲಿಗೆ ಒಂದು ಪಟ್ಟಿ ಕಳಿಸುತ್ತಿದ್ದೇನೆ. ನಡೆಯುವಾಗ ಮಾತ್ರ ಕಟ್ಟಿಕೊಳ್ಳಬೇಕು, ಮಲಗುವಾಗ ಬಿಚ್ಚಿಡಬೇಕು. ಇಲ್ಲಿ ಮಳೆ ಜೋರಾಗಿದೆ. ಕೆಲಸ ತುಂಬ ಇದೆ, ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಝಹ್ರಾ

•

ಪುಣೆ
ಜುಲೈ 20, 2025

ಬಾಪ,

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಮೊನ್ನೆ ಉಮ್ಮನಿಗೆ ಫೋನ್ ಮಾಡಿದಾಗಲೂ ಹೇಳಬೇಕೆಂದಿದ್ದೆ, ಮೊಣಕಾಲು ಹೇಗುಂಟೆಂದು ಮಾತ್ರ ಕೇಳಿ ಇಟ್ಟುಬಿಟ್ಟೆ. ಇದು ಇಪ್ಪತ್ತೈದರ ಒಳಗೆ ನಿಮಗೆ ಮುಟ್ಟಬೇಕು, ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ಆ ಗಂಟನ್ನು ಯಾರೂ ಎಳೆದು ನೋಡಿಲ್ಲ.

ಬಲೆಗಳ ಬೇಡಿಕೆ ತಿಳಿಯಲು ನಾನು ಹನ್ನೊಂದು ಮಂದಿ ಖರೀದಿದಾರರಿಗೆ ಫೋನ್ ಮಾಡಿದ್ದೆ. ಮಾತಾಡಿದವರು ನಾಲ್ವರು. ಅವರು ಹೇಳಿದ್ದನ್ನು ಕೂಡಿಸಿ ಕಳೆದು ನೋಡಿದಾಗ ನನಗೆ ಸಿಕ್ಕಿದ್ದು ಒಂಬತ್ತು. ಅದನ್ನೇ ಬರೆದಿದ್ದೆ. ಮ್ಯಾನೇಜರ್ ನೋಡಿ, ರಡಾರ್, ಕ್ಯಾಮೆರಾ, ಸಿಗ್ನಲ್ ತಡೆಯುವ ಯಂತ್ರ ಎಲ್ಲವೂ ಇಪ್ಪತ್ತರ ಮೇಲಿವೆ, ಇದೊಂದೇ ಕೆಳಗಿದ್ದರೆ ವರದಿ ಕೊಳ್ಳುವವರು ಕೇಳುತ್ತಾರೆ, ಸ್ವಲ್ಪ ಏರಿಸು ಎಂದರು. ಇಪ್ಪತ್ತೇಳು ಎಂದು ಅವರು ಹೇಳಲಿಲ್ಲ ಬಾಪ. ಆ ಸಂಖ್ಯೆ ನನ್ನದೇ. ಹೊರಡುವ ಹೊತ್ತಾಗಿತ್ತು, ಬಸ್ಸು ತಪ್ಪುತ್ತದೆಂಬ ಅವಸರ. ಒಂಬತ್ತನ್ನು ಅಳಿಸಿ ಇಪ್ಪತ್ತೇಳು ಎಂದು ಹಾಕಿ ಚೀಲ ಹೆಗಲಿಗೇರಿಸಿದೆ. ಇದನ್ನು ಓದಿ ಯಾರೋ ದೂರದ ದೊಡ್ಡ ಕಂಪೆನಿಯವರು ತಲೆಯಾಡಿಸುತ್ತಾರೆ, ಅಷ್ಟೇ ಎಂದುಕೊಂಡಿದ್ದೆ. ನೀವು ಓದುತ್ತೀರೆಂದು ನನಗೆ ಗೊತ್ತಿರಲಿಲ್ಲ. ನನ್ನ ಸಂಖ್ಯೆಯ ಮೇಲೆ ಉಮ್ಮನ ಮರ ಹೋಗುತ್ತದೆಂದು ಗೊತ್ತಿರಲಿಲ್ಲ.

ಗೊತ್ತಾದ ಮೇಲೆ ಏಕೆ ಹೇಳಲಿಲ್ಲ ಎಂದು ಕೇಳಿದರೆ, ಆ ಕಟ್ಟು ಹಾಕಿಸಿದ ಪುಟ. ಅದನ್ನು ನೀವೇ ಗೋಡೆಯಿಂದ ಇಳಿಸುವುದನ್ನು ನೆನೆದು ಪ್ರತಿ ಸಲವೂ ಬರೆಯದೆ ಬಿಟ್ಟೆ. ಟೆಂಡರ್ ಬಗ್ಗೆ, ಸ್ಯಾಂಪಲ್ ಬಗ್ಗೆ ಬರೆದದ್ದೆಲ್ಲ ನಿಜವೇ. ನಿಜವಾದದ್ದನ್ನೇ ಬರೆದು ಬರೆದು ಇದೊಂದನ್ನು ಮುಚ್ಚಿಟ್ಟೆ.

ಇನ್ನೂ ಒಂದುಂಟು. ಎಂಟು ವರ್ಷದವಳಿದ್ದಾಗ ನಾನು ಹಾಕಿದ ತೇಪೆಗೆ ಕುಶಲಕ್ಕ ಒಂದು ಕೆಂಪು ನೂಲು ಕಟ್ಟಿದ್ದರು. ನಾನು ಗಂಟು ಬಿಚ್ಚಲೇ ಇಲ್ಲ. ಯಾರೂ ಇಲ್ಲದಾಗ ನೂಲನ್ನು ಕತ್ತರಿಸಿ, ಸರಿ ಮಾಡಿದೆ ಎಂದು ಸುಳ್ಳು ಹೇಳಿ ಅವರ ಕೈಗೆ ಕೊಟ್ಟೆ. ಬಲೆ ಮರುದಿನ ಸಮುದ್ರಕ್ಕೆ ಹೋಯಿತು. ಆ ಬೋಟು ಹಿಂದೆ ಬರುವ ತನಕ ನಾನು ಸರಿಯಾಗಿ ಊಟ ಮಾಡಿರಲಿಲ್ಲ. ಈವರೆಗೆ ಇದನ್ನು ಯಾರಿಗೂ ಹೇಳಿಲ್ಲ.

ನಾಳೆ ಮ್ಯಾನೇಜರ್ ಹತ್ತಿರ ಹೋಗುತ್ತೇನೆ. ಜಾಗ ಕೊಡಬೇಡಿ. ನನ್ನನ್ನು ಕ್ಷಮಿಸಿ.

ಝಹ್ರಾ

•

ಮಂಗಳೂರು
ಜುಲೈ 20, 2025

ಪ್ರೀತಿಯ ಮಗಳೇ,

ಇದರೊಳಗೆ ನಿನ್ನ ಪುಟ ಇಟ್ಟಿದ್ದೇನೆ. ಕಟ್ಟಿನಿಂದ ಬಿಡಿಸಿ ತೆಗೆದೆ. ಇಪ್ಪತ್ತೇಳರ ಪಕ್ಕದಲ್ಲಿ ಸೂಜಿಯಿಂದ ತೂತು ಮಾಡಿ ಕೆಂಪು ನೂಲು ಕಟ್ಟಿದ್ದೇನೆ.

ಅದು ತಪ್ಪೆಂದು ನನಗೆ ಯಾರೂ ಹೇಳಲಿಲ್ಲ. ನಿನ್ನ ಮೂರು ಕಾಗದಗಳನ್ನು ಅಂಗಡಿಯ ಮೇಜಿನ ಮೇಲೆ ಸಾಲಾಗಿ ಇಟ್ಟು ಓದಿದೆ. ಯುರೋಪು ಉಂಟು, ಟೆಂಡರ್ ಉಂಟು, ಉಮ್ಮನ ಮೊಣಕಾಲು ಉಂಟು. ಆ ಸಂಖ್ಯೆಯ ಬಗ್ಗೆ ಒಂದಕ್ಷರ ಇಲ್ಲ. ಕುಶಲಾಳ ಪ್ರಶ್ನೆಗೆ ಮೊಣಕಾಲಿನ ಪಟ್ಟಿ ಬಂತು. ಕಿವಿ ಹೋದವನಿಗೆ ಎದುರಿನವರು ಹೇಳದೆ ಬಿಟ್ಟದ್ದು ಬೇಗ ತಿಳಿಯುತ್ತದೆ, ನಾನು ಅದರಲ್ಲೇ ದಿನ ದೂಡುವವನು.

ನಿನ್ನೆಯೇ ನಂತೂರಿನವರಿಗೂ ಕೊಚ್ಚಿಯವರಿಗೂ ಬೇಡವೆಂದು ಹೇಳಿಸಿದೆ. ನೀನು ಎರಡು ಸಲ ಜಾಗ ಕೊಡಬೇಡಿ ಎಂದು ಬೇಡಿಕೊಂಡ ಮೇಲೆ ನಾನು ಕೊಡುವುದುಂಟಾ? ನಿನ್ನ ಉಮ್ಮ ಮಾತಾಡಲು ಶುರು ಮಾಡಿದ್ದಾಳೆ. ಏಳು ವಾರದ ಬಾಕಿಯನ್ನೆಲ್ಲ ಒಂದೇ ದಿನ ತೀರಿಸಿದಳು.

ಹಿಂದೊಮ್ಮೆ ನೀನು ನೂಲು ಮಾತ್ರ ಕತ್ತರಿಸಿ ಕೊಟ್ಟಿದ್ದಿ. ಕುಶಲಾಳಿಗೆ ಗೊತ್ತಾಗಿ ನನಗೆ ಹೇಳಿದ್ದಳು. ಬಲೆ ಬೋಟಿಗೆ ಏರುವ ಮೊದಲು ಆ ಗಂಟನ್ನು ನಾನೇ ಬಿಚ್ಚಿ ಹೊಸದಾಗಿ ಹಾಕಿದೆ. ನಿನಗೆ ಹೇಳಲಿಲ್ಲ, ಮಗು ಅಳುತ್ತದೆಂದು. ಹೇಳಬೇಕಿತ್ತೋ ಏನೋ. ಎಂಟು ವರ್ಷದವಳ ಗಂಟನ್ನು ನಾನು ಕಟ್ಟಬಹುದಿತ್ತು. ಇದನ್ನು ನೀನೇ ಕಟ್ಟಬೇಕು.

ಕೋಪ ಇಲ್ಲ. ಅಂಗಡಿ ಇದ್ದರೂ ಹೋದರೂ ನೀನು ನನ್ನ ಮಗಳು, ಅದಕ್ಕೆ ಯಾವ ಪುಟವೂ ಬೇಡ.

ನಿನ್ನ ಬಾಪ

•

ಪುಣೆ
ಆಗಸ್ಟ್ 12, 2025

ಪ್ರೀತಿಯ ಬಾಪನಿಗೆ,

ನಮ್ಮಿಬ್ಬರ ಕಾಗದಗಳೂ ದಾರಿಯಲ್ಲಿ ಎಲ್ಲೋ ಎದುರುಬದುರಾಗಿ ಹೋಗಿರಬೇಕು. ನಿಮ್ಮದನ್ನು ಬಿಚ್ಚಿದಾಗ ಮೊದಲು ಕೈಗೆ ಸಿಕ್ಕಿದ್ದು ನೂಲು. ಓದುವ ಮೊದಲೇ ಅಳು ಬಂತು. ಶಬ್ನಮ್ ಊರಿನಲ್ಲಿ ಯಾರೋ ತೀರಿಹೋದರೆಂದು ಹೆದರಿದಳು.

ಮ್ಯಾನೇಜರ್ ಕೂಗಾಡಲಿಲ್ಲ. ಏರಿಸು ಎಂದು ತಾನು ಹೇಳಿದ್ದು ನೆನಪಿಲ್ಲ ಎಂದರು. ಸಂಖ್ಯೆ ಬದಲಿಸಿದವಳು ನಾನೇ ಎಂದು ಬರೆದು ಕೊಟ್ಟೆ. ವಾರದ ಮೇಲೆ ವರದಿ ಕೊಂಡವರಿಗೆಲ್ಲ ಒಂದು ಪುಟದ ತಿದ್ದುಪಡಿ ಹೋಯಿತು, ಹಿತೇಶರಿಗೂ ಬಂದಿರಬಹುದು. ಮುಂದಿನ ವರದಿಯ ತಂಡದಲ್ಲಿ ನನ್ನ ಹೆಸರು ಇಲ್ಲ. ಬೇರೆಯವರು ತಂದ ಸಂಖ್ಯೆಗಳು ಸರಿಯಿವೆಯೇ ಎಂದು ಫೋನ್ ಮಾಡಿ ಕೇಳುವ ಕೆಲಸಕ್ಕೆ ಹಾಕಿದ್ದಾರೆ. ಇಲ್ಲಿ ಅದನ್ನು ಶಿಕ್ಷೆ ಎನ್ನುತ್ತಾರೆ. ನಮ್ಮ ಮಾಳಿಗೆಯಲ್ಲಿ ಅದು ಪಕ್ಕದವಳ ಕೆಲಸ, ನನಗೆ ಒಗ್ಗುತ್ತದೆ.

ತಿದ್ದಿದ ಪುಟ ಇದರಲ್ಲುಂಟು. ಒಂಬತ್ತು ಎಂದು ಬರೆದು, ನಾಲ್ಕೇ ಮಂದಿಯ ಮಾತಿನ ಮೇಲೆ ಹೇಳಿದ್ದು ಎಂದು ಕೆಳಗೆ ಸೇರಿಸಿದ್ದೇನೆ. ಗೋಡೆಗೆ ಹಾಕುವಂಥದ್ದಲ್ಲ.

ಗಂಟು ಬಿಚ್ಚಿ ಹೊಸದಾಗಿ ಹಾಕಿದ್ದೇನೆ ಬಾಪ. ನೂಲನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ.

ನಿಮ್ಮ
ಝಹ್ರಾ

•

ಮಂಗಳೂರು
ಆಗಸ್ಟ್ 23, 2025

ಮಗಳೇ,

ಬೋಟುಗಳು ಸಮುದ್ರಕ್ಕೆ ಇಳಿದಿವೆ. ಅಂಗಡಿಯ ಬಾಗಿಲು ಇನ್ನೂ ತೆರೆದೇ ಉಂಟು. ಹಿತೇಶರ ಆರರಲ್ಲಿ ನಾಲ್ಕು ಬಲೆ ಮುಗಿಯಿತು, ತಿದ್ದುಪಡಿ ಬಂದ ಮೇಲೂ ಅವರು ಇನ್ನೂ ನಾಲ್ಕು ಬೇಕೆಂದು ಹೇಳಿದ್ದಾರೆ. ಬರುವ ವರ್ಷಕ್ಕೆ ಎಂತದೋ ಗೊತ್ತಿಲ್ಲ. ಆರು ಹೆಂಗಸರಿಗೆ ಈ ಮಳೆಗಾಲ ಕಳೆಯುವಷ್ಟು ಕೆಲಸ ಉಂಟು. ಕುಶಲಾ ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದಾಳೆ, ನಿನ್ನ ಉಮ್ಮ ಕಳಿಸಿದ ಜೀಗುಜ್ಜೆ ಪೋಡಿಯನ್ನೂ ಸೇರಿಸಿ.

ನಿನ್ನ ಹೊಸ ಪುಟವನ್ನು ಅವಳ ಕೈಗೆ ಕೊಟ್ಟೆ. ಮಗಳ ಗಂಟನ್ನು ಬಾಪ ಎಳೆದು ನೋಡಿದರೆ ನ್ಯಾಯವಲ್ಲ. ಬಲೆಯ ಗಂಟಾದರೆ ಗೊತ್ತು, ಸಂಖ್ಯೆಯನ್ನು ಎಳೆಯುವುದು ಹೇಗೆ ಎಂದು ಅವಳು ಎರಡು ದಿನ ಯೋಚಿಸಿದಳು. ಹಿತೇಶ್ ಬಂದಾಗ ಹಿಡಿದು ನಿಲ್ಲಿಸಿ, ಹೋದ ವರ್ಷ ಎಷ್ಟು ಕಡೆಯವರು ಬಲೆ ಕೇಳಿದ್ದರು, ಈ ವರ್ಷ ಎಷ್ಟು ಕಡೆಯವರು ಎಂದು ಕೇಳಿದಳು. ಅವರು ಫೋನ್ ನೋಡಿ ಬೆರಳು ಮಡಚಿ ಎಣಿಸಿದರು. ನೂರಕ್ಕೆ ಒಂಬತ್ತೋ ಹತ್ತೋ ಹೆಚ್ಚಾಗಿದೆಯಂತೆ.

ಹೊಸ ಪುಟವನ್ನು ಕಟ್ಟು ಹಾಕಿಸಿ ಅದೇ ಮೊಳೆಗೆ ತೂಗಿಸಿದ್ದೇನೆ. ಬೇಡವೆನ್ನಬೇಡ.

ನೂಲನ್ನು ಕುಶಲಾ ತನ್ನ ಡಬ್ಬಿಗೆ ಹಾಕಿಕೊಂಡಳು. ನಿನಗೆ ತಿಳಿಸಲು ಹೇಳಿದ್ದಾಳೆ, ಎಳೆದು ನೋಡಿದಳಂತೆ, ಜಾರಲಿಲ್ಲವಂತೆ.

ನಿನ್ನ ಬಾಪ
ಮೊಯ್ದೀನಬ್ಬ